ಲೆಕ್ಕಕ್ಕೆ ಸಿಗದ ಜೋಶ್ ಗಿಬ್ಸನ್

ಬೇಸ್‌ಬಾಲ್ ಅಂದ್ರೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗೋದು ಸಿನಿಮಾದಲ್ಲಿ ವಿಲನ್ ಕಡೆಯವರು ಹಿಡ್ಕೊಂಡು ಬರೋ ದೊಣ್ಣೆ. ಆದ್ರೆ ಅಂಕಿ-ಅಂಶದ ಹುಚ್ಚು ಇರೋರಿಗೆ ಇದಕ್ಕಿಂತ ಒಳ್ಳೆ ಆಟ ಸಿಗೋದು ಕಷ್ಟ. ಹಿಟ್, ರನ್, ತಪ್ಪು ಅಂತ ಆಟದ ಲೆಕ್ಕವನ್ನು 19ನೇ ಶತಮಾನದಿಂದಲೇ ಬರೆದಿಡ್ತಾ ಬಂದಿದ್ದಾರೆ. ನಾನು ಈ ಆಟದ ಅಭಿಮಾನಿ ಆಗಿದ್ದೇ ಆ ಟೇಬಲ್‌ಗಳನ್ನು ಓದಿ. ಮ್ಯಾಚ್ ನೋಡಿದ್ದು ಆಮೇಲೆ.

ಆ ಟೇಬಲ್‌ಗಳಲ್ಲಿ ಬಹಳ ಹಳೆಯದು, ಎಲ್ಲರಿಗೂ ಗೊತ್ತಿರೋದು ಬ್ಯಾಟಿಂಗ್ ಆವರೇಜ್. ಇದು ಕ್ರಿಕೆಟ್ ಆವರೇಜ್ ಥರ ಅಲ್ಲ. ಬ್ಯಾಟ್ಸ್‌ಮನ್ ಹೊಡೆದ ಹಿಟ್‌ಗಳನ್ನು ಅವನಿಗೆ ಸಿಕ್ಕ ಅವಕಾಶಗಳಿಂದ ಭಾಗಿಸಿದರೆ ಬರೋ ಸಂಖ್ಯೆ, ಅಷ್ಟೇ. ಹತ್ತು ಸಲಕ್ಕೆ ಮೂರು ಸಲ ಹಿಟ್ ಆದ್ರೆ 0.300. ಅಷ್ಟಿದ್ದರೆ ಅವನು ಒಳ್ಳೆ ಬ್ಯಾಟ್ಸ್‌ಮನ್. ಅಂದ್ರೆ ಏಳು ಸಲ ಫೇಲ್ ಆಗೋನೇ ಇಲ್ಲಿ ಸ್ಟಾರ್! ಇಡೀ ವೃತ್ತಿಜೀವನದ ಆವರೇಜ್‌ನಲ್ಲಿ ಟೈ ಕಾಬ್ ಅನ್ನೋ ಆಟಗಾರ 0.367 ಇಟ್ಕೊಂಡು ಬಹಳ ದಶಕ ಮೊದಲನೇ ಸ್ಥಾನದಲ್ಲಿ ಕೂತಿದ್ದ. 1928ರಲ್ಲಿ ಅವನು ಆಟ ಬಿಟ್ಟ ಮೇಲೆ ಎಷ್ಟೋ ಜನ ಬಂದ್ರು, ಹೋದ್ರು. ಯಾರೂ ದಾಟಲಿಲ್ಲ.

2024ರ ಮೇ ತಿಂಗಳಲ್ಲಿ ಆ ಮೊದಲ ಸಾಲು ಬದಲಾಯ್ತು. ಹೊಸ ಹೆಸರು ಜೋಶ್ ಗಿಬ್ಸನ್, ಆವರೇಜ್ 0.372. ತಮಾಷೆ ಏನಂದ್ರೆ ಗಿಬ್ಸನ್ ತೀರಿಹೋಗಿ ಆಗಲೇ 77 ವರ್ಷ ಆಗಿತ್ತು. ಅವನ ಕಾಲದಲ್ಲಿ ಮೇಜರ್ ಲೀಗ್ ಅಂತ ಕರೆಸಿಕೊಳ್ತಿದ್ದ ಲೀಗ್‌ಗಳಲ್ಲಿ ಅವನು ಒಂದೇ ಒಂದು ಮ್ಯಾಚ್ ಕೂಡ ಆಡಿರಲಿಲ್ಲ. ಆಡೋಕೆ ಬಿಟ್ಟಿರಲಿಲ್ಲ.

ಜೋಶ್ ಹುಟ್ಟಿದ್ದು 1911ರ ಡಿಸೆಂಬರ್ 21ಕ್ಕೆ, ಅಮೆರಿಕದ ಜಾರ್ಜಿಯಾ ರಾಜ್ಯದ ಬ್ಯೂನಾ ವಿಸ್ಟಾ ಎಂಬ ಊರಲ್ಲಿ. ದಕ್ಷಿಣದ ರಾಜ್ಯಗಳಲ್ಲಿ ಕಪ್ಪು ಜನರಿಗೆ ಬದುಕೋದೇ ಕಷ್ಟವಾಗಿದ್ದ ಕಾಲ ಅದು. ಲಕ್ಷಾಂತರ ಕುಟುಂಬಗಳು ಉತ್ತರದ ಕಾರ್ಖಾನೆ ಊರುಗಳಿಗೆ ಗುಳೆ ಹೊರಟವು. ಜೋಶ್‌ನ ಅಪ್ಪ ಕೂಡ ಪಿಟ್ಸ್‌ಬರ್ಗ್‌ಗೆ ಹೋಗಿ ಉಕ್ಕಿನ ಕಾರ್ಖಾನೆಯಲ್ಲಿ ಕೆಲಸ ಹಿಡಿದ. ಆಮೇಲೆ ಹೆಂಡತಿ ಮಕ್ಕಳನ್ನು ಕರೆಸಿಕೊಂಡ. ಅಲ್ಲಿ ಜೋಶ್ ಎಲೆಕ್ಟ್ರಿಷಿಯನ್ ಆಗೋಕೆ ವೃತ್ತಿ ಶಿಕ್ಷಣದ ಸ್ಕೂಲ್ ಸೇರಿದ. ಇಇಇ ಬ್ರಾಂಚಿನವರು ಖುಷಿಪಡಬಹುದು. ಆದ್ರೆ ಒಂಬತ್ತನೇ ಕ್ಲಾಸಿಗೇ ಓದು ನಿಂತು ಕೆಲಸ ಶುರುವಾಯ್ತು. ಉಳಿದ ಟೈಮಲ್ಲಿ ಬೇಸ್‌ಬಾಲ್.

ಆಗ ದೊಡ್ಡ ಲೀಗ್‌ಗಳಲ್ಲಿ ಕಪ್ಪು ಆಟಗಾರರು ಇರಲೇ ಇಲ್ಲ. ಬರಬಾರದು ಅಂತ ಯಾವ ನಿಯಮ ಪುಸ್ತಕದಲ್ಲೂ ಬರೆದಿರಲಿಲ್ಲ. ತಂಡದ ಮಾಲೀಕರೆಲ್ಲ ಬಾಯಿಮಾತಲ್ಲೇ ಒಪ್ಪಿಕೊಂಡು, 1880ರ ದಶಕದಿಂದ ಸುಮಾರು 60 ವರ್ಷ ಬಾಗಿಲು ಮುಚ್ಚಿಟ್ಟಿದ್ದರು. ಬರೆದ ನಿಯಮವಾದ್ರೆ ಪ್ರಶ್ನೆ ಮಾಡಬಹುದು, ಬರೆಯದೇ ಇರೋದನ್ನ ಹೇಗೆ ಪ್ರಶ್ನೆ ಮಾಡ್ತೀರಿ? ಹಾಗಾಗಿ ಕಪ್ಪು ಆಟಗಾರರು ತಮ್ಮದೇ ಲೀಗ್ ಕಟ್ಟಿಕೊಂಡರು. 1920ರಲ್ಲಿ ರೂಬ್ ಫಾಸ್ಟರ್ ಎಂಬ ಆಟಗಾರನ ಮುಂದಾಳತ್ವದಲ್ಲಿ ಮೊದಲನೇದು ಶುರುವಾಯ್ತು. ಆ ಕಾಲದ ಭಾಷೆಯಲ್ಲಿ ಅವಕ್ಕೆ ನೀಗ್ರೋ ಲೀಗ್ಸ್ ಅಂತ ಹೆಸರು. ಇತಿಹಾಸದಲ್ಲಿ ಅದೇ ಉಳಿದಿದೆ.

1930ರ ಜುಲೈನಲ್ಲಿ 18 ವರ್ಷದ ಜೋಶ್ ಪಿಟ್ಸ್‌ಬರ್ಗ್‌ನ ಹೋಮ್‌ಸ್ಟೆಡ್ ಗ್ರೇಸ್ ತಂಡಕ್ಕೆ ಬಂದ. ಹೇಗೆ ಬಂದ ಅನ್ನೋದಕ್ಕೆ ಬೇರೆ ಬೇರೆ ಕಥೆಗಳಿವೆ. ನನಗೆ ಇಷ್ಟವಾದದ್ದು ಇದು. ಕಾನ್ಸಾಸ್ ಸಿಟಿ ಮೊನಾರ್ಕ್ಸ್ ತಂಡ ಲಾರಿಗಳ ಮೇಲೆ ಜನರೇಟರ್, ಲೈಟ್ ಕಂಬ ಹೇರಿಕೊಂಡು ಊರೂರಿಗೆ ಹೋಗಿ ರಾತ್ರಿ ಮ್ಯಾಚ್ ಆಡ್ತಿತ್ತು. ಮೇಜರ್ ಲೀಗ್‌ನವರು ಲೈಟ್ ಹಾಕಿ ಆಡಿದ್ದು ಇದಾದ ಐದು ವರ್ಷಕ್ಕೆ, 1935ರಲ್ಲಿ. ಅಂಥ ಒಂದು ರಾತ್ರಿ, ಮಂದ ಬೆಳಕಲ್ಲಿ ಗ್ರೇಸ್ ತಂಡದ ಕ್ಯಾಚರ್ ಬೆರಳಿಗೆ ಪೆಟ್ಟಾಯ್ತು. ಆಗ ಪ್ರೇಕ್ಷಕರ ಮಧ್ಯೆ ಕೂತಿದ್ದ ಜೋಶ್‌ನನ್ನು ಕರೆದು ಯೂನಿಫಾರ್ಮ್ ಹಾಕಿಸಿದರಂತೆ. ಕ್ಯಾಚರ್ ಅಂದ್ರೆ ನಮ್ಮ ವಿಕೆಟ್ ಕೀಪರ್ ಥರ, ಆದ್ರೆ ಬ್ಯಾಟ್ಸ್‌ಮನ್ ಹಿಂದೆಯೇ ಕುಕ್ಕರಗಾಲಲ್ಲಿ ಕೂತು ಪ್ರತಿ ಎಸೆತವನ್ನೂ ಹಿಡಿಯಬೇಕು. ಮಂಡಿ ಸವೆಯೋ ಕೆಲಸ. ಆ ಕೆಲಸ ಮಾಡ್ತಾನೇ ಜೋಶ್ ತನ್ನ ಕಾಲದ ಅತಿ ದೊಡ್ಡ ಹೊಡೆತಗಾರ ಆದ.

ಅದೇ ವರ್ಷ ಆಗಸ್ಟ್‌ನಲ್ಲಿ ಅವನ ಹೆಂಡತಿ ಹೆಲೆನ್ ಅವಳಿ ಮಕ್ಕಳನ್ನು ಹೆತ್ತು ಹೆರಿಗೆಯಲ್ಲೇ ತೀರಿಕೊಂಡಳು. ಗಂಡು ಮಗುವಿಗೆ ಅವನ ಹೆಸರು, ಹೆಣ್ಣು ಮಗುವಿಗೆ ಅಮ್ಮನ ಹೆಸರು ಇಟ್ಟರು. ನಮ್ಮಲ್ಲಿ ಫಸ್ಟ್ ಇಯರ್ ಸೇರೋ ವಯಸ್ಸಿನಲ್ಲಿ ಅವನಿಗೆ ಇಬ್ಬರು ಮಕ್ಕಳು, ಹೆಂಡತಿ ಇಲ್ಲ, ವರ್ಷಪೂರ್ತಿ ಬಸ್ ಪ್ರಯಾಣ. ಮಕ್ಕಳು ಅಜ್ಜಿ ಮನೆಯಲ್ಲಿ ಬೆಳೆದರು.

1932ರಲ್ಲಿ ಅವನು ಅದೇ ಊರಿನ ಪಿಟ್ಸ್‌ಬರ್ಗ್ ಕ್ರಾಫರ್ಡ್ಸ್ ಸೇರಿದ. ಮಾಲೀಕ ಗಸ್ ಗ್ರೀನ್‌ಲೀ, ನಮ್ಮ ಮಟ್ಕಾ ಥರದ ನಂಬರ್ ಜೂಜು ನಡೆಸಿ ದುಡ್ಡು ಮಾಡಿದವನು. ಆ ದುಡ್ಡಲ್ಲೇ ಸ್ವಂತ ಸ್ಟೇಡಿಯಂ ಕಟ್ಟಿಸಿದ. ಗಿಬ್ಸನ್ ಜೊತೆಗೆ ಸ್ಯಾಚೆಲ್ ಪೇಜ್, ಕೂಲ್ ಪಾಪಾ ಬೆಲ್, ಆಸ್ಕರ್ ಚಾರ್ಲ್ಸ್‌ಟನ್, ಜೂಡಿ ಜಾನ್ಸನ್. ಮುಂದೆ ಹಾಲ್ ಆಫ್ ಫೇಮ್ ಸೇರಿದ ಐದು ಜನ ಒಂದೇ ತಂಡದಲ್ಲಿ! 1937ರಲ್ಲಿ ಗಿಬ್ಸನ್ ಗ್ರೇಸ್‌ಗೆ ವಾಪಸ್ ಬಂದ. ಅಲ್ಲಿ ಅವನ ನಂತರ ಬ್ಯಾಟ್ ಮಾಡ್ತಿದ್ದವನು ಬಕ್ ಲೆನರ್ಡ್. ಜನ ಇವರಿಬ್ಬರನ್ನು ಬಿಳಿಯರ ಲೀಗ್‌ನ ಬೇಬ್ ರೂತ್, ಲೂ ಗೆರಿಗ್ ಜೋಡಿಗೆ ಹೋಲಿಸ್ತಿದ್ರು.

ಅವನ ಹೊಡೆತದ ಬಗ್ಗೆ ಇರೋ ಕಥೆಗಳಿಗೆ ಲೆಕ್ಕವಿಲ್ಲ. ಪಿಟ್ಸ್‌ಬರ್ಗ್‌ನಲ್ಲಿ ಹೊಡೆದ ಚೆಂಡು ಕಣ್ಮರೆಯಾಗಿ, ಮಾರನೇ ದಿನ ಫಿಲಡೆಲ್ಫಿಯಾದಲ್ಲಿ ಮ್ಯಾಚ್ ನಡೀತಿರುವಾಗ ಆಕಾಶದಿಂದ ಬಿತ್ತಂತೆ. ಅದನ್ನು ಫೀಲ್ಡರ್ ಹಿಡಿದಾಗ ಅಂಪೈರ್, ನಿನ್ನೆ ಆ ಊರಲ್ಲಿ ಹೊಡೆದದ್ದಕ್ಕೆ ಇವತ್ತು ಇಲ್ಲಿ ಔಟ್ ಕೊಟ್ಟನಂತೆ. ನಗು ಬರುತ್ತೆ. ಆದ್ರೆ ಇಂಥ ಕಥೆ ಯಾಕೆ ಹುಟ್ಟುತ್ತೆ ಅಂತ ಯೋಚಿಸಿದ್ರೆ ನಗು ನಿಲ್ಲುತ್ತೆ. ಬರೆದಿಡೋರು ಇಲ್ಲದ ಕಡೆ ನೆನಪೇ ರೆಕಾರ್ಡ್ ಬುಕ್. ನೆನಪಿಗೆ ಸ್ಕೇಲ್ ಇರಲ್ಲ.

ಇಲ್ಲಿ ಡೇಟಾದ ವಿಷಯಕ್ಕೆ ಬರೋಣ. ನೀಗ್ರೋ ಲೀಗ್‌ಗಳ ಒಂದು ಸೀಸನ್‌ನಲ್ಲಿ ಲೀಗ್ ಮ್ಯಾಚ್ ಸುಮಾರು 60ರಿಂದ 80. ಮೇಜರ್ ಲೀಗ್‌ನಲ್ಲಿ ಆಗ 154. ಅಷ್ಟರಿಂದ ಹೊಟ್ಟೆ ತುಂಬಲ್ಲ. ಹಾಗಾಗಿ ಉಳಿದ ದಿನ ಊರೂರು ಸುತ್ತಿ, ಸಿಕ್ಕ ತಂಡದ ಜೊತೆ ಆಡ್ತಿದ್ರು. ಆ ಮ್ಯಾಚ್‌ಗಳು ಅಧಿಕೃತ ಲೆಕ್ಕಕ್ಕೆ ಬರಲ್ಲ. ಲೀಗ್ ಮ್ಯಾಚ್‌ಗಳ ವರದಿಯೂ ಬರ್ತಿದ್ದದ್ದು ಹೆಚ್ಚಾಗಿ ಕಪ್ಪು ಸಮುದಾಯದ ವಾರಪತ್ರಿಕೆಗಳಲ್ಲಿ. ಒಂದು ವಾರ ಪೂರ್ತಿ ಸ್ಕೋರ್‌ಕಾರ್ಡ್ ಇದ್ರೆ, ಇನ್ನೊಂದು ವಾರ ಗೆದ್ದವರು ಯಾರು ಅನ್ನೋದು ಮಾತ್ರ. ಹಾಲ್ ಆಫ್ ಫೇಮ್‌ನ ಫಲಕದಲ್ಲಿ ಗಿಬ್ಸನ್ ಹೆಚ್ಚುಕಮ್ಮಿ 800 ಹೋಮ್ ರನ್ ಹೊಡೆದ ಅಂತ ಇದೆ. 2024ರ ಅಧಿಕೃತ ಪಟ್ಟಿಯಲ್ಲಿ 174. ಯಾವುದು ಸರಿ? ಎರಡೂ ಬೇರೆ ಬೇರೆ ಡೇಟಾ ಸೆಟ್. ಒಂದರಲ್ಲಿ ಸಿಕ್ಕಿದ್ದೆಲ್ಲಾ ಇದೆ, ಇನ್ನೊಂದರಲ್ಲಿ ಸ್ಕೋರ್‌ಕಾರ್ಡ್ ಸಿಕ್ಕ ಲೀಗ್ ಮ್ಯಾಚ್‌ಗಳಷ್ಟೇ ಇವೆ. ಅವನಿಗೆ 154 ಮ್ಯಾಚಿನ ಸೀಸನ್ ಕೊಟ್ಟಿದ್ದರೆ ಎಷ್ಟಾಗ್ತಿತ್ತು ಅನ್ನೋ ಸಂಖ್ಯೆ ಮಾತ್ರ ಯಾವ ಪಟ್ಟಿಯಲ್ಲೂ ಇಲ್ಲ.

1940 ಮತ್ತು 41ರಲ್ಲಿ ಅವನು ಮೆಕ್ಸಿಕೋದ ವೆರಾಕ್ರೂಜ್ ತಂಡಕ್ಕೆ ಆಡಿದ. ಅಲ್ಲಿ ದುಡ್ಡೂ ಹೆಚ್ಚು, ಮರ್ಯಾದೆಯೂ ಹೆಚ್ಚು. ವಾಪಸ್ ಬಂದ ಮೇಲೆ ಆರೋಗ್ಯ ಕೆಟ್ಟಿತು. ವಿಪರೀತ ತಲೆನೋವು, ಅದರ ಜೊತೆ ಕುಡಿತ. 1943ರ ಜನವರಿಯಲ್ಲಿ ಪ್ರಜ್ಞೆ ತಪ್ಪಿ ಆಸ್ಪತ್ರೆ ಸೇರಿದ. ಮೆದುಳಲ್ಲಿ ಗೆಡ್ಡೆ ಇದೆ ಅಂದರು ಡಾಕ್ಟರು. ಆಪರೇಷನ್ ಮಾಡಿಸಿಕೊಂಡರೆ ಮತ್ತೆ ಮೊದಲಿನ ಹಾಗೆ ಆಗದೇ ಹೋಗಬಹುದು ಅನ್ನೋ ಭಯಕ್ಕೆ ಅವನು ಒಪ್ಪಲಿಲ್ಲ. ಎದ್ದು ಬಂದು ಆ ಸೀಸನ್ ಆಡಿದ. ಆ ವರ್ಷದ ಅವನ ಆವರೇಜ್ 0.466. ಒಂದು ಸೀಸನ್‌ನ ಅತಿ ಹೆಚ್ಚು ಆವರೇಜ್ ಅಂತ ಇವತ್ತು ಅಧಿಕೃತ ಪಟ್ಟಿಯ ತುದಿಯಲ್ಲಿರೋದು ಇದೇ. ಆ ಸಂಖ್ಯೆ ನೋಡಿದಾಗಲೆಲ್ಲ ನನಗೆ ಅದರ ಪಕ್ಕದಲ್ಲಿ ಆಸ್ಪತ್ರೆಯ ಮಂಚವೂ ಕಾಣುತ್ತೆ. ಟೇಬಲ್‌ನಲ್ಲಿ ಅದಕ್ಕೊಂದು ಕಾಲಮ್ ಇಲ್ಲ.

1945ರ ಅಕ್ಟೋಬರ್‌ನಲ್ಲಿ ಬ್ರೂಕ್ಲಿನ್ ಡಾಡ್ಜರ್ಸ್ ಕೊನೆಗೂ ಒಬ್ಬ ಕಪ್ಪು ಆಟಗಾರನನ್ನು ಸಹಿ ಹಾಕಿಸಿಕೊಂಡಿತು. ಅವನು ಜಾಕಿ ರಾಬಿನ್ಸನ್, ಗಿಬ್ಸನ್‌ಗಿಂತ ಏಳು ವರ್ಷ ಚಿಕ್ಕವನು. ಗಿಬ್ಸನ್ ಮಂಡಿ ಅಷ್ಟೊತ್ತಿಗೆ ಹೋಗಿತ್ತು, ದೇಹ ಇಳಿದಿತ್ತು. 1947ರ ಜನವರಿ 20ರಂದು ಮೆದುಳಿಗೆ ಸ್ಟ್ರೋಕ್ ಆಗಿ ತೀರಿಕೊಂಡ. ವಯಸ್ಸು 35. ರಾಬಿನ್ಸನ್ ಮೇಜರ್ ಲೀಗ್ ಮೈದಾನಕ್ಕೆ ಇಳಿದದ್ದು ಅದೇ ವರ್ಷ ಏಪ್ರಿಲ್ 15ಕ್ಕೆ. ಮೂರು ತಿಂಗಳೂ ಪೂರ್ತಿ ಆಗಿರಲಿಲ್ಲ.

ಹಾಲ್ ಆಫ್ ಫೇಮ್ ಅವನನ್ನು ಸೇರಿಸಿಕೊಂಡದ್ದು 1972ರಲ್ಲಿ. ಪಿಟ್ಸ್‌ಬರ್ಗ್‌ನ ಸ್ಮಶಾನದಲ್ಲಿ ಅವನ ಸಮಾಧಿಗೆ ಆಗಲೂ ಹೆಸರಿನ ಕಲ್ಲು ಇರಲಿಲ್ಲ. ಅದನ್ನು ಹಾಕಿದ್ದು 1975ರಲ್ಲಿ. 2020ರ ಡಿಸೆಂಬರ್‌ನಲ್ಲಿ, 1920ರಿಂದ 1948ರವರೆಗಿನ ಏಳು ನೀಗ್ರೋ ಲೀಗ್‌ಗಳಿಗೂ ಮೇಜರ್ ಲೀಗ್ ಸ್ಥಾನ ಇದೆ ಅಂತ ಘೋಷಣೆ ಆಯ್ತು. ಆಮೇಲೂ ಅಂಕಿಗಳು ಸೇರೋಕೆ ಮೂರು ವರ್ಷಕ್ಕಿಂತ ಹೆಚ್ಚು ಹಿಡಿಯಿತು. ಅದಕ್ಕೂ ಮುಂಚೆ ಎಷ್ಟೋ ವರ್ಷದಿಂದ ಕೆಲವು ಸಂಶೋಧಕರು ಹಳೇ ಪತ್ರಿಕೆಗಳನ್ನು ಒಂದೊಂದೇ ಪುಟ ಹುಡುಕಿ, ಒಂದೊಂದೇ ಸ್ಕೋರ್‌ಕಾರ್ಡ್ ಸೇರಿಸ್ತಾ ಬಂದಿದ್ದರು. 2,300ಕ್ಕೂ ಹೆಚ್ಚು ಆಟಗಾರರ ಹೆಸರು ಮುಖ್ಯ ಪಟ್ಟಿಗೆ ಬಂದದ್ದು ಆ ಕೆಲಸದಿಂದ.

ಮ್ಯಾಚ್ ಕಡಿಮೆ, ಸ್ಯಾಂಪಲ್ ಚಿಕ್ಕದು, ಇದನ್ನು ಟೈ ಕಾಬ್ ಜೊತೆ ಹೋಲಿಸೋದು ಸರಿಯಾ ಅಂತ ಕೆಲವರು ಕೇಳ್ತಾರೆ. ಸ್ಟ್ಯಾಟಿಸ್ಟಿಕ್ಸ್ ಓದಿದವರು ಕೇಳಲೇಬೇಕಾದ ಪ್ರಶ್ನೆ ಅದು, ನಾನೂ ಒಪ್ತೀನಿ. ಆದ್ರೆ ಅದೇ ಪ್ರಶ್ನೆಯನ್ನು ಕಾಬ್‌ನ ಸಂಖ್ಯೆಗೂ ಕೇಳಬೇಕಲ್ವಾ? ಅವನು 0.367 ಹೊಡೆದದ್ದು, ದೇಶದ ಒಳ್ಳೊಳ್ಳೆ ಬೌಲರ್‌ಗಳಲ್ಲಿ ಒಂದಷ್ಟು ಜನರನ್ನು ಬಣ್ಣ ನೋಡಿ ಹೊರಗಿಟ್ಟ ಲೀಗ್‌ನಲ್ಲಿ. ಸ್ಯಾಚೆಲ್ ಪೇಜ್‌ನಂಥವರ ಎಸೆತಗಳನ್ನು ಎದುರಿಸಿದವನು ಗಿಬ್ಸನ್. ಆ ಕಾಲದ ಯಾವ ಪಟ್ಟಿಯೂ ಪೂರ್ತಿ ಅಲ್ಲ. ಒಂದರ ಪಕ್ಕ ಸ್ಟಾರ್ ಗುರುತು ಹಾಕೋದಾದ್ರೆ ಎರಡಕ್ಕೂ ಹಾಕಬೇಕು.

ಈಗಲೂ ಎಲ್ಲೋ ಒಂದು ಹಳೇ ವಾರಪತ್ರಿಕೆಯಲ್ಲಿ ಹೊಸ ಸ್ಕೋರ್‌ಕಾರ್ಡ್ ಸಿಕ್ಕರೆ ಗಿಬ್ಸನ್‌ನ ಆವರೇಜ್ ಒಂದು ಪಾಯಿಂಟ್ ಮೇಲೆ ಕೆಳಗೆ ಆಗಬಹುದು. 35ಕ್ಕೇ ಹೋದ ಮನುಷ್ಯನ ಅಂಕಿ ಇನ್ನೂ ಬದಲಾಗ್ತಾ ಇರುತ್ತೆ. ನೀವು ಈ ಲೇಖನ ಓದೋ ಹೊತ್ತಿಗೆ ಎಷ್ಟಾಗಿದೆ ಅಂತ ಒಮ್ಮೆ ನೋಡಿ.