ಹಾಫ್ಕಿನ್ ಪಂಡಿತರ ಚರಿತ್ರೆಯೂ ನಮ್ಮ ಕರಾವಳಿಯೂ

ಪ್ರಾಯೋಗಿಕ ರೋಗಶಾಸ್ತ್ರದ ವಿದ್ವಾಂಸರು ಪರಿಷತ್ತು ಸೇರುವರೆಂಬ ವಾರ್ತೆಯನ್ನು ಕಂಡಾಗ, ಅದು ಪಂಡಿತರ ವಿಷಯ, ನಮಗೇನು ಪ್ರಯೋಜನವೆಂದು ಭಟ್ಕಳ, ಹೊನ್ನಾವರ, ಕುಮಟಾಗಳ ನಾಗರಿಕರು ಪುಟ ಮಗುಚುವುದುಂಟು. ಈ ಉದಾಸೀನವು ತರವಲ್ಲ. ಆ ಶಾಸ್ತ್ರಕ್ಕೆ ತಮ್ಮ ದೇಹವನ್ನೇ ಒಡ್ಡಿದ ಮಹನೀಯರೊಬ್ಬರ ಜೀವಿತವನ್ನು ಇಂದು ವಾಚಕರ ಮುಂದಿಡುತ್ತೇವೆ.

ವಾಲ್ಡೆಮಾರ್ ಹಾಫ್ಕಿನರು 1860ರಲ್ಲಿ ರಷ್ಯಾ ಸಾಮ್ರಾಜ್ಯದ ಒಡೆಸ್ಸಾ ನಗರದ ಯಹೂದಿ ಕುಟುಂಬದಲ್ಲಿ ಹುಟ್ಟಿದರು. ಪ್ರಾಣಿಶಾಸ್ತ್ರದಲ್ಲಿ ಮೆಚ್ನಿಕಾಫರ ಶಿಷ್ಯರು. ವಿದ್ಯೆಯಿದ್ದರೂ ಮತದ ಕಾರಣದಿಂದ ಸ್ವದೇಶದ ವಿದ್ಯಾಪೀಠದಲ್ಲಿ ಸ್ಥಾನ ದೊರೆಯಲಿಲ್ಲ. 1889ರಲ್ಲಿ ಪ್ಯಾರಿಸಿನ ಪಾಶ್ಚರ್ ಸಂಸ್ಥೆಯನ್ನು ಸೇರಿದಾಗ ಅವರಿಗೆ ದೊರೆತದ್ದು ಗ್ರಂಥಾಲಯದ ಕೆಲಸ. ಬಿಡುವಿನಲ್ಲಿ ಕಾಲರಾ ಕ್ರಿಮಿಯನ್ನು ಪರೀಕ್ಷಿಸಿ ಲಸಿಕೆಯನ್ನು ಸಿದ್ಧಪಡಿಸಿದರು. ಪ್ರಾಣಿಗಳ ಮೇಲೆ ಪ್ರಯೋಗ ಮುಗಿದೊಡನೆ, 1892ರ ಜುಲೈ 18ರಂದು ತಾವೇ ಚುಚ್ಚಿಸಿಕೊಂಡರು. 1893ರಲ್ಲಿ ಹಿಂದುಸ್ಥಾನಕ್ಕೆ ಬಂದು 40,000ಕ್ಕೂ ಮಿಕ್ಕ ಜನರಿಗೆ ಆ ಲಸಿಕೆಯನ್ನು ಹಾಕಿದರು.

1896ರಲ್ಲಿ ಮುಂಬಯಿಯಲ್ಲಿ ಪ್ಲೇಗು ತಲೆದೋರಿತು. ಹಾಫ್ಕಿನರು ಗ್ರಾಂಟ್ ವೈದ್ಯಕೀಯ ಕಾಲೇಜಿನ ಇಕ್ಕಟ್ಟಿನ ಸ್ಥಳದಲ್ಲಿ ಕೆಲಸಕ್ಕೆ ತೊಡಗಿ, ಮಾಂಸರಸದ ಮೇಲೆ ತುಪ್ಪದ ಹನಿಗಳನ್ನು ತೇಲಿಸಿ ಕ್ರಿಮಿಯನ್ನು ಬೆಳೆಯಿಸಿ, ಕಾಯಿಸಿ ಕೊಂದು ಲಸಿಕೆ ಮಾಡಿದರು. 1897ರ ಜನವರಿ 10ರಂದು ಇದನ್ನೂ ಮೊದಲು ತಮ್ಮ ಮೈಗೇ ಚುಚ್ಚಿಸಿಕೊಂಡರು. ಅದೇ ವರ್ಷ ಪುಣೆಯಲ್ಲಿ ಸರಕಾರದ ಸಿಪಾಯಿಗಳು ಪ್ಲೇಗಿನ ನೆವದಿಂದ ಮನೆ ಹೊಕ್ಕು ಪ್ರಜೆಗಳನ್ನು ನೋಯಿಸಿ, ರ್‍ಯಾಂಡ್ ಸಾಹೇಬನ ಕೊಲೆಗೆ ಕಾರಣವಾದದ್ದು ಪ್ರಸಿದ್ಧವೇ. ಬಲಾತ್ಕಾರವು ದ್ವೇಷವನ್ನು ಬೆಳೆಯಿಸಿತು. ತಾನೇ ಮೊದಲು ಅಪಾಯವನ್ನು ಹೊತ್ತ ಪಂಡಿತನು ವಿಶ್ವಾಸವನ್ನು ಗಳಿಸಿದನು. ನಮ್ಮ ಕರಾವಳಿಯೂ ಆಗ ಸೇರಿದ್ದ ಮುಂಬಯಿ ಇಲಾಖೆಯ ಹುಬ್ಬಳ್ಳಿಯೊಂದರಲ್ಲೇ 1898ರಲ್ಲಿ 30,000ಕ್ಕೂ ಮಿಕ್ಕ ಜನರು ಲಸಿಕೆ ಪಡೆದರು.

1902ರ ಅಕ್ಟೋಬರದಲ್ಲಿ ಪಂಜಾಬದ ಮುಲ್ಕೋವಾಲ ಗ್ರಾಮದಲ್ಲಿ ಒಂದೇ ಸೀಸೆಯಿಂದ ಲಸಿಕೆ ಪಡೆದ 19 ಜನರು ಧನುರ್ವಾಯುವಿನಿಂದ ಸತ್ತರು. ಸರಕಾರವು ದೋಷವನ್ನು ಹಾಫ್ಕಿನರ ಪ್ರಯೋಗಶಾಲೆಯ ಮೇಲೆ ಹೊರಿಸಿ ಅವರನ್ನು ಅಧಿಕಾರದಿಂದ ದೂರವಿಟ್ಟಿತು. ಸೀಸೆ ತೆರೆಯುವಾಗ ಗ್ರಾಮದಲ್ಲೇ ನೆಲಕ್ಕೆ ಬಿದ್ದ ಚಿಮಟವನ್ನು ಸರಿಯಾಗಿ ಶುದ್ಧಿಮಾಡದೆ ಬಳಸಿದ್ದ ಸಂಗತಿಯು ಬಹುಕಾಲ ಬದಿಗೆ ಬಿದ್ದಿತು. ರೊನಾಲ್ಡ್ ರಾಸ್ ಮುಂತಾದ ವಿದ್ವಾಂಸರು ಬಹಿರಂಗವಾಗಿ ವಾದಿಸಿದ ಮೇಲೆ 1907ರಲ್ಲಿ ಕಳಂಕವು ತೊಲಗಿತು. ಕಲಕತ್ತೆಗೆ ಮರಳಿದರೂ ಮೊದಲಿನ ಕಾರ್ಯಕ್ಷೇತ್ರವು ಅವರಿಗೆ ದಕ್ಕಲಿಲ್ಲ. 1914ರಲ್ಲಿ ನಿವೃತ್ತರಾದರು. 1925ರಲ್ಲಿ ಪರೇಲಿನ ಅವರ ಪ್ರಯೋಗಶಾಲೆಗೆ ಅವರದೇ ಹೆಸರಾಯಿತು. 1930ರಲ್ಲಿ ಸ್ವಿಜರ್ಲೆಂಡಿನ ಲೋಸಾನಿನಲ್ಲಿ ದೇಹವಿಟ್ಟರು.

ಈ ಚರಿತ್ರೆಯು ನಮಗೆ ಹೊರತಾದುದಲ್ಲ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಕಂಡ ಮಂಗನ ಕಾಯಿಲೆಯು ಘಟ್ಟವನ್ನಿಳಿದು ಹೊನ್ನಾವರ, ಭಟ್ಕಳ, ಕುಮಟಾಗಳ ಕಾಡಂಚಿನವರೆಗೆ ಬಂದಿದೆ. ದರಕು ಗುಡಿಸಲು, ಸೌದೆ ತರಲು ಹೋದ ಬಡವರನ್ನು ಉಣುಗು ಕಚ್ಚುತ್ತದೆ. ಬಹುಕಾಲ ಬಳಸಿದ ಲಸಿಕೆಯು ಸಾಕಷ್ಟು ರಕ್ಷಣೆ ಕೊಡದೆಂದು ಕಂಡು 2022ರಲ್ಲಿ ಅದನ್ನು ನಿಲ್ಲಿಸಲಾಯಿತು. ಹೊಸದರ ಸಂಶೋಧನೆ ಕೈಗೊಳ್ಳಲಾಗಿದೆ. ಅದನ್ನು ಜನರ ಬಳಿ ತರುವ ಅಧಿಕಾರಿಗಳು ಪ್ರಯೋಗದ ಗುಣದೋಷಗಳೆರಡನ್ನೂ ಕನ್ನಡದಲ್ಲಿ ಮುಚ್ಚುಮರೆಯಿಲ್ಲದೆ ತಿಳಿಸಲಿ; ಅವಘಡವಾದರೆ ಮೊದಲು ಕಾರಣವನ್ನು ಹುಡುಕಲಿ, ಅನಂತರ ಅಪರಾಧಿಯನ್ನು. ನಾಗರಿಕರು ವದಂತಿಗೆ ಕಿವಿಗೊಡದೆ ಕೇಳಿ ತಿಳಿದು ತೋಳೊಡ್ಡಲಿ. ವಿದ್ವಾಂಸರ ಪರಿಷತ್ತುಗಳ ಫಲವು ಕಾಡಂಚಿನ ಗುಡಿಸಲನ್ನು ಮುಟ್ಟಿದಾಗಲೇ ಹಾಫ್ಕಿನರ ಋಣವು ಸಂದೀತೆಂದು ನಾವು ನಂಬುತ್ತೇವೆ.