ಚಾರ್ಲ್ಸ್ ಮೆರ್ಜ್ ಮಹಾಶಯರು

2013ನೆಯ ಇಸವಿ ಡಿಸೆಂಬರ್ 31ರಂದು, ರಾಯಚೂರಿನಿಂದ ಸೊಲ್ಲಾಪುರಕ್ಕೆ ಹೋಗುವ 7,65,000 ವೋಲ್ಟಿನ ತಂತಿಯ ಮಾರ್ಗವಾಗಿ, ದಕ್ಷಿಣ ರಾಜ್ಯಗಳ ವಿದ್ಯುಜ್ಜಾಲವು ಭಾರತದ ಉಳಿದ ಜಾಲದೊಡನೆ ಸಮಗತಿಯಲ್ಲಿ ಕೂಡಿಕೊಂಡಿತು. ಅದಕ್ಕೆ ಮುಂಚೆ ಏಕಮುಖ ಪ್ರವಾಹದ ಕೆಲವು ಕೊಂಡಿಗಳಷ್ಟೇ ನಮಗೆ ಆಧಾರವಾಗಿದ್ದವು. ಬೇರೆಡೆಯಲ್ಲಿ ಶಕ್ತಿಯು ಮಿಕ್ಕಿದ್ದರೂ ಬೇಕಾದಷ್ಟು ತರಿಸಿಕೊಳ್ಳಲು ದಾರಿಯಿರಲಿಲ್ಲ. ನೆರೆಹೊರೆಯ ಜಾಲಗಳನ್ನು ಬೆಸೆಯುವ ಈ ವಿದ್ಯೆಗೆ ಅಡಿಗಲ್ಲನ್ನಿಟ್ಟವರಲ್ಲಿ ಮೆರ್ಜ್ ಮಹಾಶಯರು ಒಬ್ಬರು. ಅವರು ನಮ್ಮನ್ನಾಳಿದ ದೇಶದವರು. ಆದರೂ ಅವರ ಚರಿತ್ರೆಯನ್ನು ಬರೆಯಲು ನಾವು ಸಂಕೋಚಪಡುವುದಿಲ್ಲ.

ಅವರು 1874ರಲ್ಲಿ ಇಂಗ್ಲೆಂಡಿನ ಈಶಾನ್ಯ ಭಾಗದ ಗೇಟ್ಸ್‌ಹೆಡ್ ಎಂಬ ಊರಿನಲ್ಲಿ ಜನಿಸಿದರು. ತಂದೆಯವರು ಐರೋಪ್ಯ ಚಿಂತನೆಯ ಇತಿಹಾಸವನ್ನು ಬರೆದ ಪಂಡಿತರು. ನೆರೆಯ ನ್ಯೂಕಾಸಲ್ ನಗರದ ವಿದ್ಯುತ್ ಕಂಪೆನಿಯ ಸ್ಥಾಪಕರಲ್ಲಿಯೂ ಒಬ್ಬರು. 1901ರಲ್ಲಿ ಟೈನ್ ನದಿಯ ದಡದಲ್ಲಿ ಆರಂಭವಾದ ನೆಪ್ಚೂನ್ ಬ್ಯಾಂಕ್ ವಿದ್ಯುದಾಗಾರವು ಮಗನಿಗೆ ಹೆಸರನ್ನು ತಂದಿತು. ಕೆಲವೇ ವರ್ಷಗಳಲ್ಲಿ ಆ ಸೀಮೆಯ ಹಡಗಿನ ಕಾರ್ಖಾನೆಗಳೂ ಕಲ್ಲಿದ್ದಲ ಗಣಿಗಳೂ ರೈಲುಗಳೂ ಒಂದೇ ಜಾಲದಿಂದ ಶಕ್ತಿಯನ್ನು ಪಡೆಯತೊಡಗಿದವು.

ಲಂಡನ್ನಿನ ಸ್ಥಿತಿಯಾದರೋ ಬೇರೆ. ಅಲ್ಲಿ ಪುರಸಭೆಗೊಂದು, ಕಂಪೆನಿಗೊಂದು ವಿದ್ಯುದಾಗಾರ. ಆವರ್ತನಗಳೇ ಹತ್ತು ಬಗೆ, ವೋಲ್ಟೇಜುಗಳು ಇಪ್ಪತ್ತನಾಲ್ಕು ಬಗೆ. 1905ರಲ್ಲಿ ಮೆರ್ಜರು ರಾಜಧಾನಿಗೆಲ್ಲ ಒಂದೇ ದೊಡ್ಡ ಸರಬರಾಜನ್ನು ಏರ್ಪಡಿಸುವ ಮಸೂದೆಯನ್ನು ಪಾರ್ಲಿಮೆಂಟಿನ ಮುಂದೆ ತಂದಾಗ, ಪುರಸಭೆಗಳೂ ಕಂಪೆನಿಗಳೂ ಎದುರು ನಿಂತವು, ಮಸೂದೆಯು ಬಿದ್ದುಹೋಯಿತು. ತಮ್ಮ ಊರಿನ ದೀಪದ ಮೇಲೆ ತಮ್ಮದೇ ಅಧಿಕಾರವಿರಬೇಕೆಂಬ ಹಠವು ನಮ್ಮ ಪೌರಸಭಾಸದರಿಗೂ ಅಪರಿಚಿತವಲ್ಲ.

ಇಪ್ಪತ್ತು ವರ್ಷಗಳ ತರುವಾಯ ಕಾಲವು ತಿರುಗಿತು. 1925ರಲ್ಲಿ ನೇಮಕವಾದ ಲಾರ್ಡ್ ವೀರ್ ಸಮಿತಿಗೆ ಮೆರ್ಜರ ಸಲಹೆಯು ದೊರೆಯಿತು. 1926ರ ಕಾಯಿದೆಯಿಂದ ಕೇಂದ್ರ ವಿದ್ಯುತ್ ಮಂಡಲಿಯು ಸ್ಥಾಪಿತವಾಗಿ, 1,32,000 ವೋಲ್ಟಿನ ತಂತಿಗಳನ್ನು ಎಳೆಯತೊಡಗಿತು. ಇಲ್ಲಿ ಒಂದು ವಿಷಯವನ್ನು ವಾಚಕರು ಗಮನಿಸಬೇಕು. ಕೂಡಿಕೊಳ್ಳುವ ಯಂತ್ರಗಳೆಲ್ಲವೂ ಒಂದೇ ನೊಗದ ಎತ್ತುಗಳಂತೆ ಹೆಜ್ಜೆಗೆ ಹೆಜ್ಜೆ ಕೂಡಿಸಿ ತಿರುಗಬೇಕು. ರಾಷ್ಟ್ರಕ್ಕೆಂದು ನಿಶ್ಚಯವಾದುದು ಸೆಕೆಂಡಿಗೆ 50 ಆವರ್ತ. ಮೆರ್ಜರು ಬೆಳೆಸಿದ ಈಶಾನ್ಯ ಜಾಲದ್ದು 40. ಎಲ್ಲರಿಗಿಂತ ಮುಂದಿದ್ದ ಆ ಸೀಮೆಯೇ ಗುಂಪಿಗೆ ಸೇರದೆ ಒಂಟಿಯಾಗಿತ್ತು. ಅಲ್ಲಿಯ ಯಂತ್ರಗಳನ್ನೂ ಮೋಟಾರುಗಳನ್ನೂ ಬಹು ದ್ರವ್ಯವನ್ನು ವೆಚ್ಚ ಮಾಡಿ ಮಾರ್ಪಡಿಸಬೇಕಾಯಿತು. ಸ್ವಂತ ಊರಿನ ಪದ್ಧತಿಯೇ ಕೈಬಿಟ್ಟುಹೋಗುವ ಯೋಜನೆಗೆ ಮೆರ್ಜರು ಒತ್ತಾಸೆಯಾಗಿ ನಿಂತುದನ್ನು ನಾವು ಅವರ ಯಾವ ವಿದ್ಯುದಾಗಾರಕ್ಕಿಂತಲೂ ದೊಡ್ಡದೆಂದು ಎಣಿಸುತ್ತೇವೆ.

ಆದರೂ ಜಾಲವು ಏಳು ವಿಭಾಗಗಳಾಗಿಯೇ ನಡೆಯುತ್ತಿತ್ತು. 1937ರ ಅಕ್ಟೋಬರ್ 29ರ ರಾತ್ರಿ, ಪಾಳಿಯ ಇಂಜಿನಿಯರುಗಳು ಮೇಲಿನವರ ಅಪ್ಪಣೆಗೆ ಕಾಯದೆ ಏಳನ್ನೂ ಕೂಡಿಸಿಬಿಟ್ಟರು. ಯಾವ ಅನಾಹುತವೂ ಆಗಲಿಲ್ಲ. ಮರುವರ್ಷದಿಂದ ಅದೇ ಕ್ರಮವಾಯಿತು. ಯುದ್ಧವು ಬಂದಾಗ, ಒಂದೆಡೆಯ ವಿದ್ಯುದಾಗಾರಕ್ಕೆ ಪೆಟ್ಟು ಬಿದ್ದರೆ ಮತ್ತೊಂದೆಡೆಯಿಂದ ಶಕ್ತಿಯು ಹರಿದುಬರುತ್ತಿತ್ತು. 1940ರ ಅಕ್ಟೋಬರಿನಲ್ಲಿ ಲಂಡನ್ನಿನ ಮೇಲೆ ಬಿದ್ದ ಬಾಂಬು ಮೆರ್ಜರ ಮನೆಯನ್ನು ಕೆಡವಿತು. ಅವರೂ ಅವರ ಇಬ್ಬರು ಮಕ್ಕಳೂ ಅದರಲ್ಲಿ ಮೃತರಾದರು. ಪತ್ನಿಯೊಬ್ಬರೇ ಉಳಿದರು.