ಮುನ್ನೂರ ಅರವತ್ತು ಎಲೆಗಳ ಆಟ ಕಟ್ಟಿದ ಅರಸರು

ಮುಮ್ಮಡಿ ಕೃಷ್ಣರಾಜ ಒಡೆಯರ ಹೆಸರನ್ನು ನಾವೆಲ್ಲ ಇತಿಹಾಸದ ಪಾಠದಲ್ಲಿ ಓದಿದ್ದೇವೆ. 1799, 1831, 1868 ಎಂಬ ಮೂರು ಇಸವಿಗಳನ್ನು ಬಾಯಿಪಾಠ ಮಾಡಿಕೊಂಡರೆ ಪರೀಕ್ಷೆಗೆ ಸಾಕಾಗುತ್ತದೆ. ನಾನೂ ಹಾಗೆಯೇ ಮಾಡಿದ್ದೆ. ಈ ಅರಸರು ಆಟಗಳನ್ನು ಕಟ್ಟುತ್ತಿದ್ದರು, ಅದರಲ್ಲೂ ಎಲೆಯಾಟಗಳನ್ನು ಕಟ್ಟುತ್ತಿದ್ದರು ಎಂದು ಆಮೇಲೆ ತಿಳಿದಾಗ ಅವರ ಜೀವನವನ್ನು ಹುಡುಕಿ ಓದಬೇಕು ಅನ್ನಿಸಿತು. ಓದಿದ್ದನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ.

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಎಲೆಯಾಟ ಎಂದ ತಕ್ಷಣ ಹಣ ಕಟ್ಟಿ ಆಡುವ ಜೂಜು ನೆನಪಾಗುತ್ತದೆ. ಜೂಜು ನಮ್ಮ ಧರ್ಮದಲ್ಲಿ ಹರಾಮ್. ಅದರ ಬಗ್ಗೆ ನಾನು ಬರೆಯುತ್ತಿಲ್ಲ. ಲೆಕ್ಕ, ನೆನಪು ಮತ್ತು ಕಲ್ಪನೆ ಸೇರಿದ ಆಟಗಳ ಬಗ್ಗೆ ಬರೆಯುತ್ತಿದ್ದೇನೆ.

ನಮ್ಮಲ್ಲಿ ಅನೇಕರು ಮೊಬೈಲ್‌ನಲ್ಲೋ ಕಂಪ್ಯೂಟರ್‌ನಲ್ಲೋ ಡೆಕ್ ಬಿಲ್ಡಿಂಗ್ ಆಟಗಳನ್ನು ಆಡುತ್ತೇವೆ. ಆಡದವರಿಗಾಗಿ ಎರಡು ಸಾಲು. ಆಟ ಶುರುವಾದಾಗ ನಿಮ್ಮ ಕೈಯಲ್ಲಿ ಕೆಲವೇ ಸಾಧಾರಣ ಕಾರ್ಡುಗಳು ಇರುತ್ತವೆ. ಆಡುತ್ತಾ ಹೋದಂತೆ ಹೊಸ ಕಾರ್ಡುಗಳನ್ನು ಸಂಪಾದಿಸುತ್ತೀರಿ, ಬೇಡವಾದದ್ದನ್ನು ತೆಗೆದುಹಾಕುತ್ತೀರಿ. ಕೊನೆಗೆ ಆ ಕಟ್ಟನ್ನು ನೋಡಿದರೆ ಆಡಿದವನ ಸ್ವಭಾವವೇ ಗೊತ್ತಾಗುತ್ತದೆ. ಅಮೆರಿಕದ ರಿಚರ್ಡ್ ಗಾರ್ಫೀಲ್ಡ್ ಎಂಬ ಗಣಿತದ ಪ್ರಾಧ್ಯಾಪಕರು 1993ರಲ್ಲಿ ತಂದ 'ಮ್ಯಾಜಿಕ್: ದ ಗ್ಯಾದರಿಂಗ್' ಆಟ ಪ್ರತಿಯೊಬ್ಬನೂ ತನ್ನ ಕಟ್ಟನ್ನು ತಾನೇ ಜೋಡಿಸಿಕೊಂಡು ಬರುವ ದಾರಿ ತೋರಿಸಿತು. 2008ರಲ್ಲಿ ಬಂದ 'ಡೊಮಿನಿಯನ್' ಕಟ್ಟು ಕಟ್ಟುವುದನ್ನೇ ಆಟವನ್ನಾಗಿ ಮಾಡಿತು. ಈಗಿನ ಆಟಗಳು ಇದಕ್ಕೆ ದೊಡ್ಡ ಲೋಕವನ್ನೂ, ನಮಗೆ ಬೇಕಾದಂತೆ ರೂಪಿಸಿಕೊಳ್ಳುವ ಪಾತ್ರಗಳನ್ನೂ ಸೇರಿಸಿವೆ. ಇದೆಲ್ಲ ಹೊರದೇಶದಿಂದ ಬಂದದ್ದು ಎಂದೇ ನಾನು ತಿಳಿದಿದ್ದೆ. ಹೊಸ ಎಲೆ, ಹೊಸ ಬಣ್ಣ, ಹೊಸ ಶಕ್ತಿ ಸೇರಿಸಿ ಎಲೆಯಾಟವನ್ನು ಒಂದು ಲೋಕದಂತೆ ಬೆಳೆಸುವ ಹುಚ್ಚು ಮೈಸೂರಿನ ಅರಮನೆಯಲ್ಲೂ ಇತ್ತು.

ಮುಮ್ಮಡಿಯವರು ಹುಟ್ಟಿದ್ದು 1794ರ ಜುಲೈ 14ರಂದು, ಶ್ರೀರಂಗಪಟ್ಟಣದಲ್ಲಿ. ಆಗ ರಾಜ್ಯ ಟಿಪ್ಪು ಸುಲ್ತಾನರ ಕೈಯಲ್ಲಿತ್ತು. ಮಗುವಿಗೆ ಎರಡು ವರ್ಷ ತುಂಬುವ ಹೊತ್ತಿಗೆ ತಂದೆ ಖಾಸಾ ಚಾಮರಾಜ ಒಡೆಯರು ತೀರಿಕೊಂಡರು. 1799ರ ಮೇ 4ರಂದು ಟಿಪ್ಪು ಸುಲ್ತಾನರು ಕೋಟೆಯಲ್ಲಿ ಹೋರಾಡುತ್ತಲೇ ಹುತಾತ್ಮರಾದರು. ಎರಡು ತಿಂಗಳೂ ಕಳೆಯುವ ಮೊದಲೇ, ಜೂನ್ 30ರಂದು, ಇಂಗ್ಲಿಷರು ಐದು ವರ್ಷದ ಈ ಹುಡುಗನನ್ನು ಮೈಸೂರಿನಲ್ಲಿ ಗಾದಿಗೆ ಕೂರಿಸಿದರು. ಹುಡುಗನ ಬೆನ್ನಿಗೆ ನಿಂತವರು ಅಜ್ಜಿಯ ಸ್ಥಾನದಲ್ಲಿದ್ದ ಮಹಾರಾಣಿ ಲಕ್ಷ್ಮಮ್ಮಣ್ಣಿಯವರು. ಆಡಳಿತ ನಡೆಸಿದವರು ದಿವಾನ್ ಪೂರ್ಣಯ್ಯನವರು. ಅವರು ಅದಕ್ಕೆ ಮೊದಲು ಟಿಪ್ಪು ಸುಲ್ತಾನರ ಮಂತ್ರಿಯಾಗಿದ್ದವರು.

ಹದಿನಾರು ವರ್ಷವಾದಾಗ, ಅಂದರೆ ನಮ್ಮ ಪ್ರಥಮ ಪಿಯುಸಿಯ ವಯಸ್ಸಿನಲ್ಲಿ, ಅಧಿಕಾರ ಅವರ ಕೈಗೆ ಬಂತು. ಇಪ್ಪತ್ತು ವರ್ಷ ಆಳಿದರು. ಆ ಆಳ್ವಿಕೆಯಲ್ಲಿ ಒಳ್ಳೆಯದೂ ಇತ್ತು, ಕೆಟ್ಟದ್ದೂ ಇತ್ತು. ಕವಿಗಳಿಗೆ, ಸಂಗೀತಗಾರರಿಗೆ, ಚಿತ್ರಕಾರರಿಗೆ ಆಶ್ರಯ ಸಿಕ್ಕಿತು. ಕೆಂಪುನಾರಾಯಣನ 'ಮುದ್ರಾಮಂಜೂಷ' ಎಂಬ ಕನ್ನಡ ಗದ್ಯ ಗ್ರಂಥ ಬಂದದ್ದು ಈ ಕಾಲದಲ್ಲಿಯೇ, 1823ರಲ್ಲಿ. ಇನ್ನೊಂದು ಕಡೆ ಖಜಾನೆ ಬರಿದಾಯಿತು, ಸಾಲ ಬೆಳೆಯಿತು, ಕಂದಾಯದ ಹೊರೆ ರೈತರ ಮೇಲೆ ಬಿತ್ತು. 1830ರಲ್ಲಿ ನಗರ ಸೀಮೆಯ ರೈತರು ದಂಗೆ ಎದ್ದರು. ಇದನ್ನೇ ಕಾರಣ ಮಾಡಿಕೊಂಡು ಗವರ್ನರ್ ಜನರಲ್ ವಿಲಿಯಂ ಬೆಂಟಿಂಕ್ 1831ರ ಅಕ್ಟೋಬರ್‌ನಲ್ಲಿ ಆಡಳಿತವನ್ನು ಕಸಿದುಕೊಂಡನು. ಆಗ ಅರಸರಿಗೆ ಮೂವತ್ತೇಳು ವರ್ಷ.

ಮುಂದಿನ ಮೂವತ್ತಾರು ವರ್ಷಗಳು ನನಗೆ ಅತ್ಯಂತ ಆಶ್ಚರ್ಯ ಹುಟ್ಟಿಸಿದ ಭಾಗ. ಅರಮನೆ ಇತ್ತು, ದರ್ಬಾರು ಇತ್ತು, ದಸರಾ ಇತ್ತು. ಆಜ್ಞೆ ಹೊರಡಿಸುವ ಅಧಿಕಾರ ಮಾತ್ರ ಇಂಗ್ಲಿಷ್ ಕಮಿಷನರ್‌ಗಳ ಬಳಿ ಬೆಂಗಳೂರಿನಲ್ಲಿತ್ತು. ಬೆಂಗಳೂರಿನ ಕಬ್ಬನ್ ಪಾರ್ಕಿಗೆ ಯಾರ ಹೆಸರಿದೆಯೋ ಆ ಮಾರ್ಕ್ ಕಬ್ಬನ್ 1834ರಿಂದ 1861ರವರೆಗೆ ಮೈಸೂರನ್ನು ನಡೆಸಿದನು. ಇಂಥ ಸ್ಥಿತಿಯಲ್ಲಿ ಒಬ್ಬ ಅರಸ ಬೇಟೆ, ಊಟ, ನಿದ್ದೆಗಳಲ್ಲಿ ಆಯುಸ್ಸು ಕಳೆದಿದ್ದರೆ ಯಾರೂ ಆಶ್ಚರ್ಯ ಪಡುತ್ತಿರಲಿಲ್ಲ. ಮುಮ್ಮಡಿಯವರು 1833ರಲ್ಲಿ ಮೈಸೂರಿನಲ್ಲಿ ಒಂದು ಉಚಿತ ಇಂಗ್ಲಿಷ್ ಶಾಲೆ ತೆರೆದರು; ಅದೇ ಮುಂದೆ ಬೆಳೆದು ಮಹಾರಾಜ ಕಾಲೇಜಾಯಿತು. ರಾಜ್ಯವನ್ನು ಮರಳಿ ಕೊಡಿ ಎಂದು ಪತ್ರದ ಮೇಲೆ ಪತ್ರ ಬರೆಸಿದರು. ಜೊತೆಗೆ ಆಟಗಳನ್ನು ಕಟ್ಟಿದರು.

ಅವರು ಕಟ್ಟಿದ್ದೇನು ಎಂದು ತಿಳಿಯಲು ಮೊದಲು ಗಂಜೀಫಾ ಎಂದರೇನು ಎಂದು ತಿಳಿಯಬೇಕು. ಗಂಜೀಫಾ ಎಂದರೆ ದುಂಡಗಿನ, ಕೈಯಿಂದ ಬಣ್ಣ ಹಾಕಿದ ಆಟದ ಎಲೆಗಳು. ಪರ್ಷಿಯಾದ ಕಡೆಯಿಂದ ಇದು ನಮ್ಮ ದೇಶಕ್ಕೆ ಬಂತು. ಬಾಬರ್ ಬಾದಶಹನು 1527ರಲ್ಲಿ ಸಿಂಧ್ ಪ್ರಾಂತದ ಶಾ ಹಸನನಿಗೆ ಗಂಜೀಫಾ ಎಲೆಗಳನ್ನು ಕಳುಹಿಸಿದ ವಿಷಯವನ್ನು ತನ್ನ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾನೆ. ಮೊಘಲರ ಕಟ್ಟಿನಲ್ಲಿ ಎಂಟು ಬಣ್ಣ, ಬಣ್ಣಕ್ಕೆ ಹನ್ನೆರಡು ಎಲೆ, ಒಟ್ಟು 96. ತಾಜ್, ಸಫೇದ್, ಶಂಶೇರ್, ಗುಲಾಮ್, ಚಂಗ್, ಸುರ್ಖ್, ಬರಾತ್, ಕಿಮಾಶ್ ಎಂಬುವು ಆ ಬಣ್ಣಗಳ ಹೆಸರು. ಮನೆಯಲ್ಲಿ ಉರ್ದು ಮಾತನಾಡುವ ನಮ್ಮಲ್ಲಿ ಹಲವರಿಗೆ ಇವುಗಳಲ್ಲಿ ಅರ್ಧದಷ್ಟಾದರೂ ಅರ್ಥವಾಗುತ್ತವೆ. ಪ್ರತಿ ಬಣ್ಣದಲ್ಲಿ ಒಬ್ಬ ಮೀರ್, ಒಬ್ಬ ವಜೀರ್, ಮತ್ತೆ ಒಂದರಿಂದ ಹತ್ತರವರೆಗಿನ ಎಲೆಗಳು. ನಾಲ್ಕು ಬಣ್ಣಗಳಲ್ಲಿ ವಜೀರನ ನಂತರ ಹತ್ತು ದೊಡ್ಡದು. ಉಳಿದ ನಾಲ್ಕರಲ್ಲಿ ಎಲ್ಲವೂ ತಿರುಗುಮುರುಗಾಗಿ ಒಂದೇ ದೊಡ್ಡದು. ಹಗಲು ಆಡಿದರೆ ಚಿನ್ನದ ನಾಣ್ಯದ ಸುರ್ಖ್ ಮೊದಲು ಇಳಿಯಬೇಕು, ರಾತ್ರಿ ಆಡಿದರೆ ಬೆಳ್ಳಿ ನಾಣ್ಯದ ಸಫೇದ್. ಯಾವ ಎಲೆ ಬಿದ್ದಿದೆ, ಯಾವುದು ಯಾರ ಕೈಯಲ್ಲಿ ಉಳಿದಿದೆ ಎಂದು ನೆನಪಿಟ್ಟುಕೊಂಡವನೇ ಗೆಲ್ಲುತ್ತಾನೆ.

ಈ ಕಟ್ಟನ್ನು ತಮಗೆ ಬೇಕಾದಂತೆ ಬದಲಿಸಿಕೊಂಡವರಲ್ಲಿ ಮುಮ್ಮಡಿಯವರು ಮೊದಲಿಗರಲ್ಲ. ಅಕ್ಬರನ ಆಸ್ಥಾನದಲ್ಲಿ ಹನ್ನೆರಡು ಬಣ್ಣಗಳ, 144 ಎಲೆಗಳ ಕಟ್ಟು ಇತ್ತು. ಕುದುರೆಗಳ ಒಡೆಯ, ಆನೆಗಳ ಒಡೆಯ, ಕೋಟೆಗಳ ಒಡೆಯ, ಹಡಗುಗಳ ಒಡೆಯ, ಹಾವುಗಳ ಒಡೆಯ ಹೀಗೆ ಒಂದೊಂದು ಬಣ್ಣಕ್ಕೂ ಒಬ್ಬೊಬ್ಬ ಅಧಿಪತಿ. ಅಬುಲ್ ಫಜಲ್ ಇದನ್ನೆಲ್ಲ 'ಐನ್-ಇ-ಅಕ್ಬರಿ'ಯಲ್ಲಿ ದಾಖಲಿಸಿದ್ದಾನೆ. ಇನ್ನೊಂದು ಕಡೆ ಹಿಂದೂಗಳು ವಿಷ್ಣುವಿನ ಹತ್ತು ಅವತಾರಗಳನ್ನು ಹತ್ತು ಬಣ್ಣಗಳನ್ನಾಗಿ ಮಾಡಿಕೊಂಡು 120 ಎಲೆಗಳ ದಶಾವತಾರ ಗಂಜೀಫಾ ಕಟ್ಟಿಕೊಂಡರು. ಅಲ್ಲಿ ಹಗಲಿಗೆ ರಾಮ, ರಾತ್ರಿಗೆ ಕೃಷ್ಣ. ಒಂದೇ ಆಟ, ಅದೇ ನಿಯಮ. ಮೀರ್ ಹೋಗಿ ರಾಜ ಬಂದ, ವಜೀರ್ ಹೋಗಿ ಮಂತ್ರಿ ಬಂದ.

ಮುಮ್ಮಡಿಯವರು ಇದನ್ನು ಕೈಗೆತ್ತಿಕೊಂಡು ಬಹಳ ದೂರ ಒಯ್ದರು. ಅವರು ತಮ್ಮ ಆಟಗಳಿಗೆ 'ಛದ' ಎಂದು ಹೆಸರಿಟ್ಟರು. ಛದ ಎಂದರೆ ಎಲೆ. ಚಾಮುಂಡೇಶ್ವರಿ ಛದ, ನವಗ್ರಹ ಛದ, ಕೃಷ್ಣರಾಜ ಛದ ಹೀಗೆ ಒಂದರ ಹಿಂದೆ ಒಂದು ಬಂದವು. ಸಾಮಾನ್ಯವಾಗಿ ಒಂದು ಬಣ್ಣದಲ್ಲಿ ಹನ್ನೆರಡು ಅಂಕಿಯ ಎಲೆಗಳು, ಅದರ ಮೇಲೆ ಎರಡರ ಬದಲು ಆರು ಚಿತ್ರದ ಎಲೆಗಳು. ಬಣ್ಣಗಳ ಸಂಖ್ಯೆ ಏರುತ್ತಾ ಹದಿನೆಂಟನ್ನು ಮುಟ್ಟಿತು. ಅತಿ ದೊಡ್ಡ ಕಟ್ಟಿನಲ್ಲಿ ಎಲೆಗಳು 360. ಹಳೆಯ ಗಂಜೀಫಾದಲ್ಲಿ ತುರುಫು ಇರಲಿಲ್ಲ. ಇಲ್ಲಿ ಸದಾಕಾಲಕ್ಕೂ ತುರುಫಾಗಿಯೇ ಇರುವ ಎಲೆಗಳು, ಯಾವ ಎಲೆಯ ಜಾಗದಲ್ಲಾದರೂ ನಿಲ್ಲಬಲ್ಲ ಎಲೆಗಳು ಸೇರಿಕೊಂಡವು. ಇವತ್ತಿನ ಆಟಗಳಲ್ಲಿ ವಿಶೇಷ ಶಕ್ತಿಯ ಕಾರ್ಡುಗಳು ಎಂದು ನಾವು ಯಾವುದನ್ನು ಕರೆಯುತ್ತೇವೆಯೋ ಅವುಗಳ ಬಂಧುಗಳು ಇವು. ಆಡುವವನು ಕಟ್ಟನ್ನು ನಡುವೆ ಬೆಳೆಸಿಕೊಳ್ಳುವ ಕ್ರಮ ಮಾತ್ರ ಛದದ್ದಲ್ಲ. ಕಟ್ಟಿದವರು ಅರಸರೇ, ಆಡಿದವರು ಅದರೊಳಗೆ ದಾರಿ ಹುಡುಕಬೇಕಾಗಿತ್ತು.

ಎಲೆಯಾಟಕ್ಕೆ ಅವರ ಆಸಕ್ತಿ ನಿಲ್ಲಲಿಲ್ಲ. ಪಗಡೆಗೆ ಹೊಸ ಹಾಸುಗಳನ್ನು ಯೋಚಿಸಿದರು. ಚದುರಂಗದ ಕುದುರೆ ಅರವತ್ನಾಲ್ಕು ಮನೆಗಳನ್ನೂ ಒಂದೊಂದೇ ಸಲ ಮುಟ್ಟಿ ಬರುವ ಲೆಕ್ಕವನ್ನು ಹಲವು ಬಗೆಯಲ್ಲಿ ಬಿಡಿಸಿದರು. ಗಣಿತ ಓದುವ ಗೆಳೆಯರು ಒಂದು ಸಲ ಪ್ರಯತ್ನಿಸಿ ನೋಡಿ. ಮೊದಲ ಸಂಜೆಗೇ ಸಿಕ್ಕಿಬಿಡುವ ಉತ್ತರ ಅದಲ್ಲ.

ಇದೆಲ್ಲವನ್ನೂ ಅವರು ಬರೆಸಿಟ್ಟರು. 'ಶ್ರೀತತ್ತ್ವನಿಧಿ' ಎಂಬ ದೊಡ್ಡ ಸಚಿತ್ರ ಗ್ರಂಥ ಅವರ ಹೆಸರಿನಲ್ಲಿದೆ. ಶ್ಲೋಕಗಳು ಸಂಸ್ಕೃತದವು, ಲಿಪಿ ಕನ್ನಡ. ಒಂಬತ್ತು ನಿಧಿಗಳಾಗಿ ವಿಂಗಡಿಸಿರುವ ಈ ಗ್ರಂಥದ ಕೊನೆಯ ಭಾಗದ ಹೆಸರು ಕೌತುಕನಿಧಿ. ಯೋಗಾಸನಗಳ 122 ಚಿತ್ರಗಳಿರುವುದು ಅದೇ ಭಾಗದಲ್ಲಿ. ಛದಗಳ ವಿವರ ಇರುವುದೂ ಅಲ್ಲಿಯೇ.

ಈಗ ನನ್ನನ್ನು ಕಾಡಿದ ಪ್ರಶ್ನೆಗೆ ಬರುತ್ತೇನೆ. ಇಷ್ಟು ಶ್ರಮಪಟ್ಟು ಕಟ್ಟಿದ ಆಟಗಳು ಏಕೆ ಉಳಿಯಲಿಲ್ಲ? 96 ಎಲೆಗಳ ಗಂಜೀಫಾ, 120 ಎಲೆಗಳ ದಶಾವತಾರ ಊರೂರು ತಿರುಗಿದವು. ಶ್ರೀಮಂತರಿಗೆ ದಂತದ, ಚಿನ್ನದ ರೇಖೆಯ ದರ್ಬಾರಿ ಕಟ್ಟುಗಳಿದ್ದವು. ಬಡವರಿಗೆ ಬಟ್ಟೆ, ಕಾಗದಗಳನ್ನು ಅಂಟಿಸಿ ಮಾಡಿದ ಅಗ್ಗದ ಬಜಾರಿ ಕಟ್ಟುಗಳಿದ್ದವು. ಛದಗಳು ಅರಮನೆಯ ಹೊಸ್ತಿಲು ದಾಟಿ ಜನರ ನಡುವೆ ಹರಡಲಿಲ್ಲ.

ಕಾರಣ ನನಗೆ ಹೀಗೆ ತೋರುತ್ತದೆ. 360 ಎಲೆಗಳಲ್ಲಿ ಯಾವುದು ಯಾವುದನ್ನು ಹೊಡೆಯುತ್ತದೆ ಎಂಬುದನ್ನೆಲ್ಲ ಆಡುವವನೇ ತಲೆಯಲ್ಲಿ ಇಟ್ಟುಕೊಳ್ಳಬೇಕು. ಎಲೆಗಳನ್ನು ಬರೆಯಲು ಚಿತ್ರಕಾರ ಬೇಕು, ಆಡಲು ಇಡೀ ದಿನದ ಬಿಡುವು ಬೇಕು, ಎದುರು ಕೂರಲು ಇಷ್ಟನ್ನೂ ಕಲಿತ ಜೊತೆಗಾರರು ಬೇಕು. ಹೊಲಕ್ಕೆ ಹೋಗುವವನಿಗೆ, ಅಂಗಡಿ ತೆರೆಯುವವನಿಗೆ ಅದು ಎಲ್ಲಿಂದ ಬರಬೇಕು? ಇವತ್ತು ನಾವು ಆಡುವ ಆಟಗಳು ಇನ್ನೂ ಜಟಿಲವಾಗಿವೆ. ಆದರೆ ನಿಯಮ ನೆನಪಿಡುವ ಕೆಲಸ, ಲೆಕ್ಕ ಹಾಕುವ ಕೆಲಸ, ಎಲೆ ಕಲಸಿ ಹಂಚುವ ಕೆಲಸ ಎಲ್ಲವನ್ನೂ ಯಂತ್ರ ಮಾಡಿಕೊಡುತ್ತದೆ. ಗೊತ್ತಿಲ್ಲದ ಎಲೆಯ ಮೇಲೆ ಬೆರಳಿಟ್ಟರೆ ಅದರ ವಿವರ ಪರದೆಯ ಮೇಲೆ ಬರುತ್ತದೆ. ಮುಮ್ಮಡಿಯವರ ಕಲ್ಪನೆಗೆ ಬೇಕಾಗಿದ್ದ ಆ ಸೇವಕ ಅವರ ಕಾಲದಲ್ಲಿ ಹುಟ್ಟಿರಲಿಲ್ಲ.

ಇನ್ನೊಂದು ವಿಷಯವನ್ನೂ ಯೋಚಿಸಿದೆ. ರಾಜ್ಯದಲ್ಲಿ ಒಂದು ನಿಯಮವನ್ನೂ ಮಾಡಲು ಬಿಡದ ಕಾಲದಲ್ಲಿ ಅವರು ಎಲೆಗಳ ಲೋಕಕ್ಕೆ ನಿಯಮಗಳನ್ನು ಮಾಡುತ್ತಾ ಕುಳಿತರು. ಅಲ್ಲಿ ರಾಜರಿದ್ದರು, ಸೈನ್ಯವಿತ್ತು, ಯಾರು ಯಾರಿಗಿಂತ ದೊಡ್ಡವರು ಎಂಬುದು ಅವರ ಮಾತಿನಂತೆ ನಡೆಯುತ್ತಿತ್ತು. ಇದು ದುಃಖ ಮರೆಯುವ ದಾರಿಯಾಗಿತ್ತೇ? ಇರಬಹುದು. ಆದರೆ ದುಃಖ ಮರೆಯಲು ಆಡುವವನು ಆಡಿ ಎದ್ದು ಹೋಗುತ್ತಾನೆ. ಇವರು ಕುಳಿತು ನಿಯಮಗಳನ್ನು ಬರೆಸಿದರು, ಚಿತ್ರ ತೆಗೆಸಿದರು, ತಮ್ಮ ನಂತರದವರಿಗೆ ಅರ್ಥವಾಗುವಂತೆ ಜೋಡಿಸಿದರು. ಆಟದಲ್ಲಿ ಕಳೆದ ಸಮಯ ಪೂರ್ತಿ ವ್ಯರ್ಥವೇ ಎಂದು ನಮ್ಮ ಮನೆಗಳಲ್ಲಿ ದಿನವೂ ನಡೆಯುವ ವಾದಕ್ಕೆ ಇಲ್ಲಿ ಒಂದು ಉತ್ತರ ಇದೆ ಎಂದು ನನಗನ್ನಿಸುತ್ತದೆ: ಆಟ ಮುಗಿದ ಮೇಲೆ ನಮ್ಮ ಕೈಯಲ್ಲಿ ಏನು ಉಳಿಯಿತು ಎಂದು ನೋಡಬೇಕು.

1861ರಲ್ಲಿ ಮುಮ್ಮಡಿಯವರು ಜಗನ್ಮೋಹನ ಅರಮನೆಯನ್ನು ಕಟ್ಟಿಸಿದರು. 1865ರಲ್ಲಿ ಎರಡು ವರ್ಷದ ಚಾಮರಾಜೇಂದ್ರನನ್ನು ದತ್ತು ತೆಗೆದುಕೊಂಡರು. ದತ್ತು ಒಪ್ಪದೆ ರಾಜ್ಯವನ್ನೇ ನುಂಗಿಬಿಡುವ ಯೋಚನೆ ಇಂಗ್ಲಿಷರಿಗಿತ್ತು. ಮುದುಕರಾದ ಅರಸರು ಪಟ್ಟು ಬಿಡಲಿಲ್ಲ. ಕೊನೆಗೆ 1867ರಲ್ಲಿ ಒಪ್ಪಿಗೆ ಬಂತು. ಮರುವರ್ಷ, 1868ರ ಮಾರ್ಚ್ 27ರಂದು, ಎಪ್ಪತ್ಮೂರನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು. ಕಸಿದುಕೊಂಡ ರಾಜ್ಯ 1881ರಲ್ಲಿ ದತ್ತುಮಗನಿಗೆ ಮರಳಿ ಸಿಕ್ಕಿತು. ಅವರು ಆಡಿದ ಅತಿ ಉದ್ದದ ಆಟ ಇದೇ ಇರಬೇಕು. ಗೆಲುವನ್ನು ನೋಡಲು ಮಾತ್ರ ಅವರು ಇರಲಿಲ್ಲ.

ಮೈಸೂರು ಗಂಜೀಫಾ ಕಲೆ ನಿಂತೇ ಹೋಗುವ ಸ್ಥಿತಿಗೆ ಬಂದಿತ್ತು. ರಘುಪತಿ ಭಟ್ಟರಂಥ ಕಲಾವಿದರು ಅದಕ್ಕೆ ಮತ್ತೆ ಜೀವ ಕೊಟ್ಟರು. ಈಗ ಅದಕ್ಕೆ ಜಿಐ ಗುರುತೂ ಇದೆ. ಆದರೆ ಹೆಚ್ಚಿನವರು ಆ ಎಲೆಗಳನ್ನು ಕೊಳ್ಳುವುದು ಗೋಡೆಗೆ ತೂಗುಹಾಕಲು. ಆಡಲು ಬರುವವರು ಬೇಕಾಗಿದ್ದಾರೆ. ಕಂಪ್ಯೂಟರ್ ಸೈನ್ಸ್ ಓದುತ್ತಿರುವ ಗೆಳೆಯರೇ, ಛದದ ನಿಯಮಗಳು ಪುಸ್ತಕದಲ್ಲಿ ಕಾಯುತ್ತಿವೆ. 360 ಎಲೆಗಳ ಲೆಕ್ಕ ಇಡಬಲ್ಲ ಯಂತ್ರ ನಿಮ್ಮ ಜೇಬಿನಲ್ಲಿಯೇ ಇದೆ. ದ್ವಿತೀಯ ಪಿಯುಸಿ ಪರೀಕ್ಷೆ ಮುಗಿಯಲಿ, ರಜೆಯಲ್ಲಿ ಯಾರಾದರೂ ಕೈ ಹಾಕಿ ನೋಡಿ. ಆಡಲು ನಾನು ಬರುತ್ತೇನೆ.